ಎರಡು ಇಂಚು ಇಪ್ಪತ್ತು ಸೆಂಟ್

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ, ಕೊಡಗಿನ ಎಷ್ಟೋ ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಅಂತ ಒಂದು ಇರುತ್ತದೆ. ನಮ್ಮ ಅಜ್ಜನ ಹತ್ತಿರವೂ ಇತ್ತು. ಬೆಳಗ್ಗೆ ಎಂಟೂವರೆಗೆ ಅಂಗಳಕ್ಕೆ ಹೋಗಿ, ಮಳೆಮಾಪಕದ ಆಲಿಕೆ ಎತ್ತಿ, ಒಳಗಿನ ನೀರನ್ನು ಗೆರೆ ಇರುವ ಗಾಜಿನ ಅಳತೆಗೆ ಸುರಿಯುತ್ತಿದ್ದರು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ‘ಎರಡು ಇಂಚು ಇಪ್ಪತ್ತು ಸೆಂಟ್’ ಅಂತ ಗಟ್ಟಿಯಾಗಿ ಹೇಳಿ ಬರೆಯುತ್ತಿದ್ದರು. ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಈಗಿನ ಲೆಕ್ಕದಲ್ಲಿ ಸುಮಾರು 56 ಮಿಲಿಮೀಟರ್.

ಆ ಅಳತೆ ನಮ್ಮ ಅಂಗಳಕ್ಕೆ ನಿಜ. ಗುಡ್ಡದ ಆಚೆ ಬದಿಗೆ? ಅಲ್ಲಿ ಬೇರೆಯೇ ಮಳೆ. ಜಗತ್ತಿನಲ್ಲಿ ಲೆಕ್ಕಕ್ಕೆ ಸಿಗುವ ಮಳೆಮಾಪಕಗಳ ಬಾಯಿಗಳನ್ನೆಲ್ಲ ಪಕ್ಕಪಕ್ಕ ಜೋಡಿಸಿದರೆ ಅರ್ಧ ಫುಟ್‌ಬಾಲ್ ಮೈದಾನವೂ ತುಂಬುವುದಿಲ್ಲವಂತೆ. ಸಮುದ್ರದ ನಡುವೆಯಂತೂ ಮಾಪಕ ಇಡುವವರು ಯಾರು? ಅದಕ್ಕೇ ಉಪಗ್ರಹ ಬೇಕು.

ಟಿವಿಯಲ್ಲಿ ಕಾಣುವ ಬಿಳಿ ಮೋಡದ ಚಿತ್ರ ಮೋಡದ ನೆತ್ತಿಯನ್ನಷ್ಟೇ ತೋರಿಸುತ್ತದೆ. ಒಳಗೆ ಮಳೆ ಇದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಮೈಕ್ರೋವೇವ್ ಹಾಗಲ್ಲ, ಅದು ಮೋಡವನ್ನು ದಾಟಿ ಬರುತ್ತದೆ. ಮೈಕ್ರೋವೇವ್ ಅಂದ ಕೂಡಲೇ ಅಡುಗೆಮನೆಯ ಒಲೆ ನೆನಪಾಗುತ್ತದೆ, ಅಲ್ವಾ? ಆದರೆ ನೆಲ, ನೀರು, ಗಾಳಿ, ನಮ್ಮ ಮೈ ಎಲ್ಲವೂ ತಮ್ಮ ಬಿಸಿಗೆ ತಕ್ಕಂತೆ ಈ ಅಲೆಗಳನ್ನು ಸಣ್ಣಗೆ ಸೂಸುತ್ತಲೇ ಇರುತ್ತವೆ. ಅವುಗಳನ್ನು ಅಳೆಯುವ ಸಾಧನವೇ ಉಪಗ್ರಹದ ರೇಡಿಯೋಮೀಟರ್. ಅದು ಕೆಳಕ್ಕೆ ಏನನ್ನೂ ಕಳಿಸುವುದಿಲ್ಲ. ಸುಮ್ನೆ ಕಿವಿಗೊಟ್ಟು ಕೇಳುತ್ತದೆ.

ಕಡಲು ಈ ಅಲೆಗಳನ್ನು ಕಡಿಮೆ ಸೂಸುತ್ತದೆ. ಹಾಗಾಗಿ ಉಪಗ್ರಹಕ್ಕೆ ಅದು ತಣ್ಣಗೆ ಕಾಣುತ್ತದೆ. ಮಳೆಹನಿ ಚೆನ್ನಾಗಿ ಸೂಸುತ್ತದೆ, ಬೆಚ್ಚಗೆ ಕಾಣುತ್ತದೆ. ಕರಿಕಂಬಳಿಯ ಮೇಲೆ ಅಕ್ಕಿಕಾಳು ಚೆಲ್ಲಿದ ಹಾಗೆ, ಎದ್ದು ತೋರುತ್ತದೆ. ನೆಲ ಮಾತ್ರ ತಾನೇ ಜೋರಾಗಿ ಸೂಸುತ್ತದೆ. ಅದರ ಮೇಲಿನ ಮಳೆ ಬಿಳಿ ಪಂಚೆಯ ಮೇಲೆ ಬಿದ್ದ ಅಕ್ಕಿಕಾಳು.

ಅದಕ್ಕೆ ನೆಲದ ಮೇಲೆ ಬೇರೆ ದಾರಿ. ಎತ್ತರಕ್ಕೆ ಬೆಳೆದ ಮೋಡದ ತಲೆಯಲ್ಲಿ ಮಂಜುಗಡ್ಡೆಯ ಚೂರುಗಳಿರುತ್ತವೆ. 89 ಗಿಗಾಹರ್ಟ್ಸ್ (ಅಲೆ ಎಷ್ಟು ಬೇಗ ಕಂಪಿಸುತ್ತದೆ ಅನ್ನುವ ಅಳತೆ ಇದು) ಸುಮಾರಿನ ಅಲೆಗಳು ಕೆಳಗಿನಿಂದ ಬಂದು ಈ ಚೂರುಗಳಿಗೆ ಬಡಿದು ಅತ್ತಿತ್ತ ಚದುರುತ್ತವೆ. ಮೇಲಿನ ಉಪಗ್ರಹಕ್ಕೆ ಆ ಜಾಗ ತಣ್ಣಗಿನ ಕಲೆಯಂತೆ ಕಾಣುತ್ತದೆ. ಮೇಲೆ ಇಷ್ಟು ಮಂಜುಗಡ್ಡೆ ಇದ್ದರೆ ಕೆಳಗೆ ಇಷ್ಟು ಮಳೆ ಇರಬೇಕು ಅಂತ ಅಂದಾಜು ಕಟ್ಟುತ್ತಾರೆ.

ಭರಣಿ, ಕೃತ್ತಿಕೆಯ ಗುಡುಗು ಮಳೆಗೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ಆಲಿಕಲ್ಲು ಬೀಳುವಷ್ಟು ಎತ್ತರದ ಮೋಡಗಳು ಅವು. ಆದರೆ ಪುನರ್ವಸು, ಪುಷ್ಯದ ಜಡಿಮಳೆ? ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟ ಹತ್ತುತ್ತಾ ಹತ್ತುತ್ತಾ ಅಲ್ಲಿಯೇ ಸುರಿದುಬಿಡುತ್ತದೆ. ಮೋಡಗಳು ಗುಡ್ಡಕ್ಕೆ ಅಂಟಿಕೊಂಡಂತೆ ತಗ್ಗಿನಲ್ಲಿರುತ್ತವೆ. ಎಷ್ಟೋ ಮೋಡಗಳಲ್ಲಿ ಮಂಜುಗಡ್ಡೆ ಇರುವುದೇ ಕಡಿಮೆ. ಹೊಳೆ ತುಂಬಿ ಹರಿಯುತ್ತಿದ್ದರೂ ಉಪಗ್ರಹ ‘ಸಾಧಾರಣ ಮಳೆ’ ಅಂದುಬಿಡಬಹುದು. ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಆಗುಂಬೆಯಂಥ ಕಡೆಯೇ ಈ ಕಣ್ಣು ಮಂಜಾಗುತ್ತದೆ. ನನ್ನನ್ನು ಈ ವಿಷಯಕ್ಕೆ ಎಳೆದದ್ದೇ ಇದು.

ಹಿಮ ಇನ್ನೂ ಕಷ್ಟ. ನೆಲದಲ್ಲಿ ಬಿದ್ದಿರುವ ಹಿಮವೂ ಅಲೆಗಳನ್ನು ಚದುರಿಸುತ್ತದೆ, ಬೀಳುತ್ತಿರುವ ಹಿಮವೂ ಚದುರಿಸುತ್ತದೆ. ಯಾವುದು ಯಾವುದು? ಇಲ್ಲಿ 183 ಗಿಗಾಹರ್ಟ್ಸ್ ನೆರವಿಗೆ ಬರುತ್ತದೆ. ಗಾಳಿಯಲ್ಲಿರುವ ನೀರಾವಿ ಆ ಅಲೆಯನ್ನು ಹೀರಿಕೊಳ್ಳುತ್ತದೆ. ನೆಲಕ್ಕೆ ಪರದೆ ಎಳೆದ ಹಾಗಾಗಿ, ಮೇಲೆ ಬೀಳುತ್ತಿರುವ ಹಿಮ ಮಾತ್ರ ಉಳಿಯುತ್ತದೆ. ಗಾಳಿ ತೀರಾ ಒಣಗಿದ್ದರೆ ಆ ಪರದೆಯೂ ತೆಳುವಾಗುತ್ತದೆ. ನಾಸಾ ಮತ್ತು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ 2014ರ ಫೆಬ್ರವರಿ ಕೊನೆಯಲ್ಲಿ ಹಾರಿಸಿದ, ಮಳೆ-ಹಿಮ ಅಳೆಯುವ ಜಿಪಿಎಂ ಉಪಗ್ರಹದಲ್ಲಿ ಈ ಅಲೆಗಳನ್ನು ಹಿಡಿಯುವ ಸಾಧನವಿದೆ. ಮಾರ್ಚ್ 17ರಂದೇ ಅದು ಅಮೆರಿಕದ ಪೂರ್ವ ಕರಾವಳಿಯ ಹಿಮಪಾತವನ್ನು ಕಂಡಿತು. ಜೊತೆಗೆ ಅದರಲ್ಲಿ ರಾಡಾರ್ ಕೂಡ ಇದೆ. ರಾಡಾರ್ ಕೂಗು ಹಾಕಿ ಮಾರ್ದನಿ ಕೇಳುತ್ತದೆ, ಮಳೆಯನ್ನು ಪದರ ಪದರವಾಗಿ ಅಳೆಯುತ್ತದೆ. ‘ಇಂಥ ಅಲೆ ಬಂದಾಗ ಇಂಥ ಮಳೆ ಇತ್ತು’ ಅಂತ ರೇಡಿಯೋಮೀಟರ್, ರಾಡಾರ್ ಎರಡರ ನೋಟವನ್ನೂ ಸೇರಿಸಿ ಕಡತ ಮಾಡುತ್ತಾರೆ. ಬೇರೆ ಉಪಗ್ರಹಗಳ ಅಳತೆಯನ್ನು ಅದರೊಂದಿಗೆ ಹೋಲಿಸಿ ನೋಡುತ್ತಾರೆ.

ನಮ್ಮ ಬೆಂಗಳೂರಿಗೂ ಈ ಕೆಲಸ ಹಳೆಯದು. ಇಲ್ಲಿ ರೂಪುಗೊಂಡ ಭಾಸ್ಕರ ಉಪಗ್ರಹ 1979ರಲ್ಲೇ ಮೈಕ್ರೋವೇವ್ ರೇಡಿಯೋಮೀಟರ್ ಹೊತ್ತು ಹೋಗಿತ್ತು. 2011ರ ಅಕ್ಟೋಬರ್ 12ರಂದು ಇಸ್ರೋ, ಫ್ರಾನ್ಸ್ ಜೊತೆ ಸೇರಿ ಮೇಘಾ-ಟ್ರಾಪಿಕ್ಸ್ ಹಾರಿಸಿತು. ಅದರಲ್ಲಿ ಮಳೆ ನೋಡುವ ಮುಖ್ಯ ಸಾಧನ 2013ರಲ್ಲೇ ಕೆಟ್ಟಿತು. ಬೇಜಾರಿನ ಸಂಗತಿ. ಆದರೆ ನೀರಾವಿ ಅಳೆಯುವ ಸಫೀರ್ ಸಾಧನ ಕೆಲಸ ಮುಂದುವರಿಸಿತು. ಅದೂ 183 ಗಿಗಾಹರ್ಟ್ಸ್‌ನದೇ. ಅದರ ಮಾಹಿತಿಯನ್ನು ಜಗತ್ತಿನ ಮಳೆ ಲೆಕ್ಕಕ್ಕೂ ಬಳಸಿದರು. 2023ರ ಮಾರ್ಚ್ 7ರಂದು ಉಪಗ್ರಹವನ್ನು ಜಾಗ್ರತೆಯಿಂದ ಪೆಸಿಫಿಕ್ ಸಾಗರದ ಮೇಲೆ ಇಳಿಸಿ ಮುಗಿಸಿದರು.

ಈಗ ಹಲವು ಉಪಗ್ರಹಗಳ ಅಳತೆ ಸೇರಿಸಿ ಅರ್ಧ ಗಂಟೆಗೊಮ್ಮೆ, ಸುಮಾರು ಹತ್ತು ಕಿಲೋಮೀಟರ್ ಚೌಕಕ್ಕೊಂದು ಅಂಕಿ ಸಿಗುತ್ತದೆ. ಮೊದಲ ಅಂದಾಜು ಕೆಲವೇ ಗಂಟೆಗಳಲ್ಲಿ ಬರುತ್ತದೆ. ಕೊನೆಯ ಲೆಕ್ಕ ಬರಲು ಕೆಲವು ತಿಂಗಳು ಬೇಕು. ಯಾಕೆ ಗೊತ್ತಾ? ಅದನ್ನು ತಿದ್ದಲು ನೆಲದ ಮಳೆಮಾಪಕಗಳ ತಿಂಗಳ ಮೊತ್ತಕ್ಕಾಗಿ ಕಾಯಬೇಕು.

ಅಜ್ಜನ ಪುಸ್ತಕ ಈಗ ನನ್ನ ಹತ್ತಿರ ಇದೆ. ಖಾಲಿ ಪುಟಗಳಲ್ಲಿ ನಡುವೆ ಒಂದು ಗೆರೆ ಎಳೆದಿದ್ದೇನೆ. ಎಡಕ್ಕೆ ಅಂಗಳದ ಅಳತೆ, ಬಲಕ್ಕೆ ಉಪಗ್ರಹದ್ದು. ಗುಡುಗು ಮಳೆಯ ದಿನ ಎರಡೂ ಹತ್ತಿರ ಹತ್ತಿರ ಬರುತ್ತವೆ. ಪುನರ್ವಸು ಹಿಡಿದ ಮೇಲೆ ಎಡಗಡೆಯ ಅಂಕಿಯೇ ಜಾಸ್ತಿ. ನಾಳೆ ಎಂಟೂವರೆಗೆ ಮತ್ತೆ ನೋಡಬೇಕು.

ನಮಸ್ಕಾರ.