ಬೂದಿ ಮುಚ್ಚಿದ ಕೆಂಡ

ನಮಸ್ಕಾರ. ಈ ಹೊತ್ತಲ್ಲಿ ರೇಡಿಯೋ ಹಾಕಿಕೊಂಡು ಕೂತವರಲ್ಲಿ ಅರವತ್ತು ದಾಟಿದವರೇ ಜಾಸ್ತಿ, ಅಲ್ವಾ? ನಿಮ್ಮ ಜೊತೆಗೇ ಮಾತು.

ರವಿಕೆಯ ತೋಳು ಸಡಿಲ, ಸೊಂಟದ ಹತ್ತಿರ ಮಾತ್ರ ಬಿಗಿ. ತೂಕ ನೋಡಿದರೆ ಹೋದ ವರ್ಷದ್ದೇ. ಕೇಳಿದರೆ "ವಯಸ್ಸಾಯ್ತಲ್ಲ ಡಾಕ್ಟ್ರೇ" ಅನ್ನುತ್ತೀರಿ. ದಿನಾ ಕೇಳುತ್ತೇನೆ ಈ ಮಾತನ್ನು, ಒಪ್ಪುವುದಿಲ್ಲ. ಮಾಂಸಖಂಡ ಕರಗಿದೆ, ಆ ಜಾಗಕ್ಕೆ ಕೊಬ್ಬು ಬಂದಿದೆ.

ಕರಗಿಸುವುದರಲ್ಲಿ ಉರಿಯೂತದ ಪಾಲು ದೊಡ್ಡದು. ಕಾಲಿಗೆ ಮುಳ್ಳು ಚುಚ್ಚಿದರೆ ಕೆಂಪಾಗಿ ಊದಿಕೊಂಡು ನಾಲ್ಕು ದಿನದಲ್ಲಿ ಇಳಿಯುತ್ತದಲ್ಲ, ಅದು ಒಳ್ಳೆಯ ಉರಿಯೂತ. ಇದು ಹಾಗಲ್ಲ, ಬೂದಿ ಮುಚ್ಚಿದ ಕೆಂಡ. ನೋವಿಲ್ಲ, ಜ್ವರವಿಲ್ಲ, ಆರುವುದೂ ಇಲ್ಲ. ಹೊಟ್ಟೆಯ ಕೊಬ್ಬು, ರಕ್ತ ಬರುವ ವಸಡು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಇವೇ ಅದಕ್ಕೆ ಸೌದೆ. ಟಿಎನ್‌ಎಫ್, ಐಎಲ್-6 ಅನ್ನುವ, ಉರಿಯೂತದ ಸಂದೇಶ ಒಯ್ಯುವ ವಸ್ತುಗಳು ರಕ್ತದಲ್ಲಿ ಸದಾ ಸ್ವಲ್ಪ ಜಾಸ್ತಿಯೇ ಇದ್ದು, ಮಾಂಸಖಂಡದ ಪ್ರೋಟೀನನ್ನು ಒಡೆಸುತ್ತವೆ, ತಿಂದ ಬೇಳೆ, ಮೊಟ್ಟೆ ಮೈಗೆ ಹತ್ತದ ಹಾಗೂ ಮಾಡುತ್ತವೆ.

ಆರಿಸುವುದು ಹೇಗೆ? ಮಾಂಸಖಂಡವನ್ನು ದುಡಿಸಿ. ದುಡಿಯುವ ಮಾಂಸಖಂಡವೇ ಉರಿಯೂತ ತಗ್ಗಿಸುವ ವಸ್ತುಗಳನ್ನು ರಕ್ತಕ್ಕೆ ಬಿಡುತ್ತದೆ.

ಬಾಸ್ಟನ್ನಿನ ಕಥೆ ಕೇಳಿ, ನನಗೆ ತುಂಬ ಇಷ್ಟದ್ದು. ಮರಿಯಾ ಫಿಯಾಟರೋನೆ ಅನ್ನುವ ವೈದ್ಯೆ ಅಲ್ಲಿನ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ 10 ಜನರನ್ನು ವ್ಯಾಯಾಮದ ಪ್ರಯೋಗಕ್ಕೆ ಒಪ್ಪಿಸಿದರು. ಸರಾಸರಿ ವಯಸ್ಸು ಎಷ್ಟು ಗೊತ್ತಾ? 90! ತೀರಾ ನಿತ್ರಾಣ ಆದವರು. ಅಂಥವರಿಗೆ ಸುಮ್ನೆ ಕೈಕಾಲು ಆಡಿಸಿ ಅನ್ನಲಿಲ್ಲ ಆಕೆ, ಕಾಲಲ್ಲಿ ಭಾರ ಎತ್ತಿಸಿದರು, ವಾರಕ್ಕೆ 3 ದಿನ, ಹಗುರ ಅನ್ನಿಸಿದ ಹಾಗೆ ಇನ್ನಷ್ಟು ಭಾರ. 8 ವಾರ ಮುಗಿಸಿದ 9 ಜನರ ಕಾಲಿನ ಶಕ್ತಿ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತ್ತು. ಇಬ್ಬರು ಊರುಗೋಲು ಬಿಟ್ಟರು! ಇದು ಅಚ್ಚಾಗಿದ್ದು 1990ರಲ್ಲಿ. ಇಷ್ಟು ವರ್ಷವಾದರೂ ನಮ್ಮ ಮನೆಗಳಲ್ಲಿ "ಅಜ್ಜಿ, ನೀವು ಕೂತಿರಿ, ನಾವು ತರ್ತೀವಿ" ಅನ್ನುತ್ತಲೇ ಇದ್ದೇವೆ. ದಯವಿಟ್ಟು ಕೂರಿಸಬೇಡಿ ಅವರನ್ನು.

ಸಮಯವಾಯಿತು ಅಂತ ಗಾಜಿನಾಚೆಯಿಂದ ಕೈ ಮಾಡುತ್ತಿದ್ದಾರೆ. ಊಟದ ವಿಷಯ ಹೇಳಲಾಗಲಿಲ್ಲ. ಹೊತ್ತುಹೊತ್ತಿಗೆ ಕಾಳೋ ಮೊಟ್ಟೆಯೋ ಮೊಸರೋ ಇರಲಿ, ವಸಡನ್ನು ದಂತವೈದ್ಯರಿಗೆ ತೋರಿಸಿ.

ಈಗ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈಗಳನ್ನು ಎದೆಗೆ ಕಟ್ಟಿಕೊಂಡು 5 ಸಲ ಎದ್ದು ಕೂರಿ, ಮೊಮ್ಮಗು ಗಡಿಯಾರ ನೋಡಲಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಬಲ ಕುಗ್ಗಿದೆ ಅಂತಲೇ ಲೆಕ್ಕ. ನಾಳೆಯಿಂದ ದಿನಾ ಬೆಳಿಗ್ಗೆ, ಅದೇ ಕುರ್ಚಿ.