ಓದಿದವರ ಮೇಲೆ ಅವರಿಗೇಕೆ ಸಿಟ್ಟು?

ಕೇಳುಗರಿಗೆಲ್ಲ ನಮಸ್ಕಾರ. ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ಕಾಲೇಜು ಓದಿದವರ ಮತ ಡೆಮಾಕ್ರಟಿಕ್ ಪಕ್ಷಕ್ಕೆ, ಓದದವರ ಮತ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷಕ್ಕೆ. ದೊಡ್ಡ ನಗರಗಳು ಒಂದು ಕಡೆ, ಹಳ್ಳಿಗಳು ಮತ್ತು ಸಣ್ಣ ಊರುಗಳು ಇನ್ನೊಂದು ಕಡೆ. ಇದನ್ನು ಕೇಳಿದವರು ಸುಲಭವಾಗಿ ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: ಆ ಹಳ್ಳಿ ಜನಕ್ಕೆ ಓದು ಬೇಕಿಲ್ಲ, ಅದಕ್ಕೇ ಓದಿದವರನ್ನು ಕಂಡರೆ ಆಗುವುದಿಲ್ಲ ಅಂತ. ನನಗೆ ಈ ತೀರ್ಮಾನ ಒಪ್ಪಿಗೆಯಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

1925ರ ಜುಲೈ. ಟೆನೆಸ್ಸೀ ರಾಜ್ಯದ ಡೇಟನ್ ಅನ್ನುವ ಪುಟ್ಟ ಊರು. ಮನುಷ್ಯ ಕೆಳಗಿನ ಪ್ರಾಣಿಗಳಿಂದ ಬಂದ ಅಂತ ಸರ್ಕಾರಿ ಶಾಲೆಗಳಲ್ಲಿ ಕಲಿಸಬಾರದು ಅಂತ ಆ ರಾಜ್ಯ ಕಾನೂನು ಮಾಡಿತ್ತು. ಅದನ್ನು ಕೋರ್ಟಿನಲ್ಲಿ ಪ್ರಶ್ನೆ ಮಾಡಲು ಮುಂದೆ ಬರುವ ಮೇಷ್ಟ್ರಿಗೆ ನಾವು ನೆರವಾಗುತ್ತೇವೆ ಅಂತ ನಾಗರಿಕ ಹಕ್ಕುಗಳ ಸಂಘವೊಂದು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿತು. ಡೇಟನ್ನಿನ ನಾಲ್ಕಾರು ಜನ ಔಷಧಿ ಅಂಗಡಿಯೊಂದರಲ್ಲಿ ಕೂತು ಮಾತಾಡಿಕೊಂಡರು. ಈ ಕೇಸು ನಮ್ಮಲ್ಲೇ ನಡೆದರೆ ಊರಿಗೆ ಹೆಸರು ಬರುತ್ತದೆ ಅನ್ನುವುದು ಅವರ ಲೆಕ್ಕ. ಜಾನ್ ಸ್ಕೋಪ್ಸ್ ಅನ್ನುವ 24 ವರ್ಷದ ಮೇಷ್ಟ್ರನ್ನು ಕರೆಸಿ ಒಪ್ಪಿಸಿದರು. ಹೆಸರು ಬಂತು. ಆದರೆ ಯಾವ ಹೆಸರು ಬಂತು ಅನ್ನುವುದೇ ಮುಂದಿನ ಕಥೆ.

ಆ ವಿಚಾರಣೆಯನ್ನು ಶಿಕಾಗೋದ ಡಬ್ಲ್ಯೂ.ಜಿ.ಎನ್. ರೇಡಿಯೋ ನೇರ ಪ್ರಸಾರ ಮಾಡಿತು. ಅಮೆರಿಕದಲ್ಲಿ ಕೋರ್ಟಿನ ವಿಚಾರಣೆಯೊಂದು ಹೀಗೆ ರೇಡಿಯೋದಲ್ಲಿ ಕೇಳಿಸಿದ್ದು ಅದೇ ಮೊದಲು. ದೊಡ್ಡ ಪಟ್ಟಣಗಳಿಂದ ಪತ್ರಕರ್ತರ ದಂಡೇ ಬಂದಿಳಿಯಿತು. ಒಂದು ದಿನ ಸೆಕೆ ಮತ್ತು ಜನಸಂದಣಿ ಎಷ್ಟಾಯಿತು ಅಂದರೆ, ಕೋರ್ಟಿನ ಮಹಡಿಯೇ ಕುಸಿದೀತು ಅಂತ ಹೆದರಿ ನ್ಯಾಯಾಧೀಶರು ಕಲಾಪವನ್ನು ಹೊರಗೆ ಹುಲ್ಲಿನ ಮೇಲೆ, ಮರದ ನೆರಳಿಗೆ ತಂದರು. ಅಲ್ಲೇ ಸ್ಕೋಪ್ಸ್ ಪರ ವಕೀಲ ಕ್ಲಾರೆನ್ಸ್ ಡ್ಯಾರೋ, ಸರ್ಕಾರದ ಪರ ವಾದಿಸುತ್ತಿದ್ದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರನ್ನೇ ಸಾಕ್ಷಿ ಮಾಡಿ ಕೂರಿಸಿದ್ದು. ಬೈಬಲ್ಲಿನಲ್ಲಿ ಹೇಳಿರುವಂತೆ ಯೋನನನ್ನು ದೊಡ್ಡ ಮೀನು ನುಂಗಿದ್ದು ನಿಜವೇ? ಯೆಹೋಶುವ ಹೇಳಿದಾಗ ಸೂರ್ಯ ನಿಂತಿದ್ದು ನಿಜವೇ? ಒಂದೊಂದೇ ಪ್ರಶ್ನೆ. ಬ್ರಯಾನ್ ತಡವರಿಸಿದರು. ಸುತ್ತ ನಿಂತ ಜನ ನಕ್ಕರು.

ಈ ಬ್ರಯಾನ್ ಯಾರು ಗೊತ್ತಾ? 1896, 1900 ಮತ್ತು 1908ರಲ್ಲಿ, ಮೂರು ಸಲ, ಡೆಮಾಕ್ರಟಿಕ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಂತು ಸೋತವರು. ಸಾಲದಲ್ಲಿ ಮುಳುಗಿದ ರೈತರ ಪರವಾಗಿ ಬ್ಯಾಂಕುಗಳ ವಿರುದ್ಧ, ರೈಲ್ವೆ ಕಂಪನಿಗಳ ವಿರುದ್ಧ ಜೀವನವಿಡೀ ಗಂಟಲು ಹರಿದುಕೊಂಡವರು. ತೆರಿಗೆ ಕಟ್ಟುವ ಜನರೇ ತಮ್ಮ ಮಕ್ಕಳಿಗೆ ಏನು ಕಲಿಸಬೇಕು ಅಂತ ತೀರ್ಮಾನ ಮಾಡಬೇಕು ಅನ್ನುವುದು ಅವರ ವಾದ. ವಿಜ್ಞಾನದ ವಿಷಯದಲ್ಲಿ ಬ್ರಯಾನ್ ತಪ್ಪು. ಡಾರ್ವಿನ್ ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಮತ ಎಣಿಸಿ ವಿಜ್ಞಾನವನ್ನು ತೀರ್ಮಾನಿಸಲು ಆಗುವುದಿಲ್ಲ. ಆದರೆ ಇನ್ನೊಂದು ಸಂಗತಿಯನ್ನೂ ಹೇಳಲೇಬೇಕು. ಡಾರ್ವಿನ್ ಸಿದ್ಧಾಂತವನ್ನು ಹೇಳುತ್ತಿದ್ದ, ಸ್ಕೋಪ್ಸ್ ಶಾಲೆಯಲ್ಲಿದ್ದ ಪಠ್ಯಪುಸ್ತಕವೇ ಮನುಷ್ಯರನ್ನು ಜನಾಂಗಗಳಾಗಿ ವಿಂಗಡಿಸಿ ಬಿಳಿಯರನ್ನು ಎಲ್ಲರಿಗಿಂತ ಮೇಲೆ ಕೂರಿಸಿತ್ತು. ‘ಕೀಳು’ ಕುಟುಂಬಗಳು ಬೆಳೆಯದಂತೆ ತಡೆಯಬೇಕು ಅಂತಲೂ ಬರೆದಿತ್ತು. ಆ ಕಾಲದ ಎಷ್ಟೋ ದೊಡ್ಡ ವಿದ್ವಾಂಸರು ಅದನ್ನೂ ವಿಜ್ಞಾನ ಅಂತಲೇ ನಂಬಿದ್ದರು. ಓದಿದವರ ಮಾತನ್ನು ಕಣ್ಣು ಮುಚ್ಚಿ ನಂಬಬೇಡಿ ಅಂದವರ ಬಳಿ ಒಂದು ಕಾರಣವಂತೂ ಇತ್ತು, ಅಲ್ವಾ?

ಸ್ಕೋಪ್ಸ್‌ಗೆ 100 ಡಾಲರ್ ದಂಡ ಬಿತ್ತು, ಆಮೇಲೆ ಅದು ಮೇಲಿನ ಕೋರ್ಟಿನಲ್ಲಿ ಒಂದು ತಾಂತ್ರಿಕ ಕಾರಣಕ್ಕೆ ರದ್ದಾಯಿತು. ತೀರ್ಪು ಬಂದ ಐದೇ ದಿನಕ್ಕೆ ಬ್ರಯಾನ್ ಅದೇ ಊರಿನಲ್ಲಿ ತೀರಿಕೊಂಡರು. ಬಾಲ್ಟಿಮೋರ್‌ನಿಂದ ಬಂದಿದ್ದ ಹೆಸರಾಂತ ಪತ್ರಕರ್ತ ಎಚ್.ಎಲ್. ಮೆಂಕೆನ್ ಡೇಟನ್ ಜನರನ್ನು ಗಮಾರರು, ದಡ್ಡರು ಅಂತ ದಿನದಿನವೂ ಬರೆದರು. ಅದನ್ನು ದೇಶವೆಲ್ಲ ಓದಿ ಖುಷಿಪಟ್ಟಿತು. ನನ್ನ ಮಟ್ಟಿಗೆ, ಆ ಕೇಸಿನಲ್ಲಿ ದಂಡಕ್ಕಿಂತ ದೊಡ್ಡ ಶಿಕ್ಷೆ ಇದು, ಮತ್ತು ಅದನ್ನು ಅನುಭವಿಸಿದ್ದು ಇಡೀ ಊರು. ತಪ್ಪು ತಿಳಿದವರಿಗೆ ತಿಳಿಹೇಳುವುದು ಬೇರೆ. ನಾಲ್ಕು ಜನರ ಮುಂದೆ ನಿಲ್ಲಿಸಿ ನಗುವುದು ಬೇರೆ. ನಕ್ಕವರು ರೈಲು ಹತ್ತಿ ಹೋದರು. ಊರಿನವರು ಅಲ್ಲೇ ಇರಬೇಕಿತ್ತು.

1974ರಲ್ಲಿ ಇದೇ ಗಾಯ ಇನ್ನೊಂದು ಕಡೆ ಬಾಯಿ ಬಿಟ್ಟಿತು. ವೆಸ್ಟ್ ವರ್ಜೀನಿಯಾ ರಾಜ್ಯದ ಕನಾವಾ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಶಾಲಾ ಮಂಡಳಿಯವರು ಮುನ್ನೂರಕ್ಕೂ ಹೆಚ್ಚು ಹೊಸ ಪಠ್ಯಗಳನ್ನು ಆರಿಸಿದ್ದರು. ಗುಡ್ಡದ ನಡುವಿನ ಊರುಗಳ ತಂದೆತಾಯಿಯರು ಮಕ್ಕಳನ್ನು ಶಾಲೆಗೆ ಕಳಿಸಲಿಲ್ಲ. ಗಣಿ ಕೆಲಸಗಾರರು ಅವರ ಜೊತೆ ಕೆಲಸ ನಿಲ್ಲಿಸಿದರು. ಆಮೇಲೆ ಅದು ಕೈಮೀರಿತು. ಶಾಲೆಗಳಿಗೆ ಬೆಂಕಿ ಬಾಂಬು, ಶಾಲೆ ಬಸ್ಸಿನ ಮೇಲೆ ಗುಂಡು. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆ ಪುಸ್ತಕಗಳಲ್ಲಿ ಕಪ್ಪು ಲೇಖಕರು ಇದ್ದಾರೆ ಅನ್ನುವುದೇ ಕೆಲವರ ಸಿಟ್ಟಿಗೆ ಕಾರಣವಾಗಿತ್ತು, ಅದನ್ನೂ ಮುಚ್ಚಿಡಬಾರದು. ಆದರೂ, ನಮ್ಮ ಮಕ್ಕಳ ವಿಷಯದಲ್ಲಿ ನಮ್ಮನ್ನು ಒಂದು ಮಾತು ಕೇಳಬಾರದಿತ್ತಾ ಅನ್ನುವ ನೋವೂ ಅದರೊಳಗೆ ಇತ್ತು.

ಇದುವರೆಗೆ ಹೇಳಿದ್ದು ಮಾನದ ಮಾತು. ಇನ್ನು ದುಡ್ಡಿನ ಮಾತು. ನನ್ನ ಪ್ರಕಾರ ಇದೇ ಜಾಸ್ತಿ ಮುಖ್ಯ, ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ.

ಅಮೆರಿಕದಲ್ಲಿ ಸರ್ಕಾರಿ ಶಾಲೆಗೆ ಬರುವ ಹಣದಲ್ಲಿ ದೊಡ್ಡ ಪಾಲು ಆಯಾ ಪ್ರದೇಶದ ಮನೆ, ಜಾಗದ ಮೇಲಿನ ತೆರಿಗೆಯಿಂದ ಬರುತ್ತದೆ. ಬೆಲೆಬಾಳುವ ಮನೆಗಳಿರುವ ಕಡೆ ಶಾಲೆಗೆ ದುಡ್ಡು ಹೆಚ್ಚು. ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ನಗರವನ್ನೇ ನೋಡಿ. ಎಜ್‌ವುಡ್ ಅನ್ನುವ ಭಾಗದಲ್ಲಿ ಹೆಚ್ಚಿನವರು ಮೆಕ್ಸಿಕನ್ ಮೂಲದ ಬಡ ಕುಟುಂಬದವರು. ಅದೇ ನಗರದ ಇನ್ನೊಂದು ಕಡೆ ಅಲಮೋ ಹೈಟ್ಸ್, ಉಳ್ಳವರ ಜಾಗ. 1967-68ರಲ್ಲಿ ಎಜ್‌ವುಡ್ ಜನ ಪ್ರತಿ 100 ಡಾಲರ್ ಆಸ್ತಿಗೆ 1 ಡಾಲರ್ 5 ಸೆಂಟ್ ತೆರಿಗೆ ಕಟ್ಟುತ್ತಿದ್ದರು. ಅಲಮೋ ಹೈಟ್ಸ್‌ನವರು 85 ಸೆಂಟ್. ಅಂದರೆ ಬಡವರ ತೆರಿಗೆ ದರವೇ ಜಾಸ್ತಿ. ಹಾಗಿದ್ದೂ ಸ್ಥಳೀಯ ತೆರಿಗೆಯಿಂದ ಎಜ್‌ವುಡ್‌ನ ಒಂದು ಮಗುವಿಗೆ ಸಿಕ್ಕಿದ್ದು 26 ಡಾಲರ್, ಅಲಮೋ ಹೈಟ್ಸ್‌ನ ಮಗುವಿಗೆ 333 ಡಾಲರ್. ರಾಜ್ಯದ ಮತ್ತು ಕೇಂದ್ರದ ಹಣ ಸೇರಿಸಿದ ಮೇಲೂ 356ಕ್ಕೆ ಎದುರು 594. ಡಿಮೆಟ್ರಿಯೋ ರಾಡ್ರಿಗಸ್ ಅನ್ನುವ ತಂದೆ ಮತ್ತು ಅವರ ಅಕ್ಕಪಕ್ಕದವರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ತೀರ್ಪಿನಲ್ಲಿ, ಶಿಕ್ಷಣ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಅಂತ ಹೇಳಿ ಅವರನ್ನು ವಾಪಸ್ ಕಳಿಸಿತು.

ಎಜ್‌ವುಡ್ ಜನ ಹಳ್ಳಿಯವರಲ್ಲ, ಡೇಟನ್ ಜನರಂತೆ ಬಿಳಿಯರೂ ಅಲ್ಲ. ಅವರಿಗೆ ಬೇಕಾಗಿದ್ದದ್ದು ಓದು, ಬರೀ ಓದು. ಸಿಗಲಿಲ್ಲ. ಇಂಥ ಜನಕ್ಕೆ ಆಮೇಲೆ ಯಾರಾದರೂ ಬಂದು, ಚೆನ್ನಾಗಿ ಓದಿ ಮೇಲೆ ಬನ್ನಿ, ನಾವು ಬಂದಿಲ್ವಾ ಅಂದರೆ ಹೊಟ್ಟೆ ಉರಿಯದೆ ಇರುತ್ತಾ?

ಇನ್ನು ಮೇಲೆ ಹೋದವರು ಯಾರು ಅಂತ ನೋಡಿ. ಇವತ್ತು ಅಲ್ಲಿನ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳಲ್ಲಿ 8 ಜನ ಕಾನೂನು ಓದಿದ್ದು ಹಾರ್ವರ್ಡ್ ಇಲ್ಲವೇ ಯೇಲ್‌ನಲ್ಲಿ. ಪ್ರತಿಷ್ಠಿತ ಖಾಸಗಿ ವಿಶ್ವವಿದ್ಯಾಲಯಗಳ ಸೀಟಿನ ಬಗ್ಗೆ 2023ರಲ್ಲಿ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಹೊರತಂದರು. ಪರೀಕ್ಷೆಯಲ್ಲಿ ಅಷ್ಟೇ ಅಂಕ ತೆಗೆದ ಮಧ್ಯಮ ವರ್ಗದ ಮಕ್ಕಳಿಗಿಂತ, ತೀರಾ ಶ್ರೀಮಂತರಾದ ನೂರಕ್ಕೆ ಒಬ್ಬರ ಮನೆಯ ಮಕ್ಕಳು ಅಲ್ಲಿ ಸೇರಿ ಓದುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. 2019ರಲ್ಲಂತೂ ಲಂಚ ಕೊಟ್ಟು ಮಕ್ಕಳಿಗೆ ಸೀಟು ಕೊಡಿಸಿದ ಶ್ರೀಮಂತರು, ನಟಿಯರು ಸಿಕ್ಕಿಬಿದ್ದು ಜೈಲಿಗೂ ಹೋದರು. ಬಾಗಿಲು ಎಲ್ಲರಿಗೂ ತೆರೆದಿದೆ ಅನ್ನುವ ಮಾತನ್ನು ಜನ ಯಾವ ಮುಖ ನೋಡಿ ನಂಬಬೇಕು?

ಈ ಸಿಟ್ಟನ್ನು ಮತವಾಗಿ ಮಾಡಿಕೊಂಡವರ ಮೇಲೆ ನನಗೆ ಇನ್ನೂ ಹೆಚ್ಚು ಸಿಟ್ಟಿದೆ. ಟ್ರಂಪ್ ಓದಿದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಅವರ ಜೊತೆ ಉಪಾಧ್ಯಕ್ಷರಾಗಿ ಗೆದ್ದ ವ್ಯಾನ್ಸ್ ಯೇಲ್‌ನಲ್ಲಿ. ಅದೇ ಪಕ್ಷದ ಸೆನೆಟರ್ ಟೆಡ್ ಕ್ರೂಜ್ ಪ್ರಿನ್ಸ್‌ಟನ್ ಮತ್ತು ಹಾರ್ವರ್ಡ್‌ನಲ್ಲಿ. ಅದೇ ಬಾಗಿಲಿನಿಂದ ಒಳಗೆ ಹೋಗಿ ಬಂದವರು ಹೊರಗೆ ನಿಂತವರಿಗೆ, ಅಲ್ಲಿರುವವರೇ ನಿಮ್ಮ ಶತ್ರುಗಳು ಅಂತ ಹೇಳಿಕೊಡುತ್ತಾರೆ. ಬಾಗಿಲನ್ನು ಅಗಲ ಮಾಡುವ ಮಾತು ಅವರ ಬಾಯಲ್ಲಿ ಬರುವುದಿಲ್ಲ. ಫಲ ಏನಾಯಿತು? ಗ್ಯಾಲಪ್ ಸಂಸ್ಥೆಯ ಸಮೀಕ್ಷೆಯಲ್ಲಿ, ಉನ್ನತ ಶಿಕ್ಷಣದ ಮೇಲೆ ಒಳ್ಳೆಯ ನಂಬಿಕೆಯಿದೆ ಅಂದವರು 2015ರಲ್ಲಿ ಶೇಕಡ 57 ಇದ್ದರು, 2023ಕ್ಕೆ 36ಕ್ಕೆ ಇಳಿದರು. ರಿಪಬ್ಲಿಕನ್ ಪಕ್ಷದವರಲ್ಲಿ 56ರಿಂದ 19ಕ್ಕೆ. ಎಂಟೇ ವರ್ಷದಲ್ಲಿ.

ಕೊನೆಗೆ ಮತ್ತೆ ವೆಸ್ಟ್ ವರ್ಜೀನಿಯಾಗೆ ಕರೆದುಕೊಂಡು ಹೋಗುತ್ತೇನೆ. 2016ರಲ್ಲಿ ಆ ರಾಜ್ಯದ ಎಲ್ಲ 55 ಕೌಂಟಿಗಳಲ್ಲೂ ಟ್ರಂಪ್ ಗೆದ್ದಿದ್ದರು. ಓದು ಬೇಡದ ಜನ ಅಂತ ದೂರದವರು ಬೆರಳು ತೋರಿಸುವ ಜಾಗ. 2018ರ ಫೆಬ್ರವರಿ 22ರಂದು ಅದೇ 55 ಕೌಂಟಿಗಳ ಮೇಷ್ಟ್ರುಗಳು ಶಾಲೆ ಬಿಟ್ಟು ಬೀದಿಗೆ ಬಂದರು. ಅವರ ಸಂಬಳ ಇಡೀ ದೇಶದಲ್ಲೇ ತೀರಾ ಕಡಿಮೆ ಅನ್ನುವ ಸಾಲಿನಲ್ಲಿತ್ತು, ಆರೋಗ್ಯ ವಿಮೆಯ ಕಂತು ಏರುತ್ತಿತ್ತು. ಹಲವರ ಕೊರಳಲ್ಲಿ ಕೆಂಪು ವಸ್ತ್ರ. ಹಿಂದೆ, 1921ರಲ್ಲಿ, ಗಣಿ ಕೆಲಸಗಾರರು ಹೋರಾಟಕ್ಕೆ ಇಳಿದಾಗ ಕಟ್ಟಿಕೊಂಡಿದ್ದು ಅದೇ ಕೆಂಪು.

ಆ ಶಾಲೆಗಳಲ್ಲಿ ಮಧ್ಯಾಹ್ನದ ಊಟಕ್ಕೆ ಶಾಲೆಯನ್ನೇ ನಂಬಿಕೊಂಡ ಮಕ್ಕಳು ತುಂಬಾ ಜನ. ಶಾಲೆ ಮುಚ್ಚಿದರೆ ಅವರು ಹಸಿದುಕೊಂಡಿರುತ್ತಾರೆ. ಅದಕ್ಕೇ ಮುಷ್ಕರಕ್ಕೆ ಹೊರಡುವ ಮುಂಚೆ ಆ ಮೇಷ್ಟ್ರುಗಳು, ಮೇಡಂಗಳು ಕೂತು ಚೀಲಗಳಲ್ಲಿ ಊಟ ತುಂಬಿದರು, ಮಕ್ಕಳ ಕೈಗೆ ಕೊಟ್ಟು ಮನೆಗೆ ಕಳಿಸಿದರು. ಮುಷ್ಕರದ ದಿನಗಳಲ್ಲೂ ಚರ್ಚುಗಳಲ್ಲಿ ಊಟ ಸೇರಿಸಿ ಹಂಚಿದರು. ನಡುವೆ ಸಂಘದ ಮುಖಂಡರು ಒಪ್ಪಂದ ಆಯಿತು ಅಂತ ಪ್ರಕಟಿಸಿದಾಗ, ಕೈಗೆ ಬರುವ ತನಕ ನಂಬುವುದಿಲ್ಲ ಅಂತ ಮೇಷ್ಟ್ರುಗಳು ಹೊರಗೇ ಉಳಿದರು. ಒಂಬತ್ತು ಶಾಲಾ ದಿನ ಹೀಗೇ ಕಳೆಯಿತು. ಮಾರ್ಚ್ 6ರಂದು ಶೇಕಡ 5 ಸಂಬಳ ಏರಿಕೆಗೆ ಸಹಿ ಬಿತ್ತು. ಮಾರ್ಚ್ 7ರ ಬೆಳಿಗ್ಗೆ ಆ ಗುಡ್ಡಗಾಡಿನ ದಾರಿಗಳಲ್ಲಿ ಶಾಲೆ ಬಸ್ಸುಗಳು ಮತ್ತೆ ಹೊರಟವು.

ನಮಸ್ಕಾರ.