ರೋಮ್ ನಗರದ ಬೀದಿಗಳಲ್ಲಿ ಒಂದು ಸೈಕಲ್ಲಿನ ಹುಡುಕಾಟ

ಕೇಳುಗರಿಗೆ ನಮಸ್ಕಾರ. ವಿಟ್ಟೋರಿಯೊ ಡಿ ಸಿಕಾ ನಿರ್ದೇಶಿಸಿದ, 1948ರಲ್ಲಿ ತೆರೆಕಂಡ ಇಟಲಿಯ ಚಲನಚಿತ್ರ ‘ಬೈಸಿಕಲ್ ಥೀವ್ಸ್’ ಎಂದೊಡನೆ ಹೆಚ್ಚಿನವರ ನೆನಪಿಗೆ ಬರುವುದು ಅದರ ತಂದೆ ಮತ್ತು ಮಗ. ಅವರು ಅಲೆದ ರೋಮ್ ನಗರದ ಜಾಗಗಳ ಕುರಿತು ಇಂದು ನಾನು ಮಾತನಾಡುತ್ತೇನೆ. ಆ ಜಾಗಗಳ ಪರಿಚಯವಿದ್ದರೆ, ಕಥಾನಾಯಕ ಆಂಟೋನಿಯೊ ರಿಚ್ಚಿಗೆ ಸೈಕಲ್ ಏಕೆ ಜೀವನಾಧಾರವಾಗಿತ್ತು ಎಂಬುದು ಇನ್ನಷ್ಟು ಚೆನ್ನಾಗಿ ಮನದಟ್ಟಾಗುತ್ತದೆ.

ಅವನ ಮನೆಯಿರುವುದು ವಾಲ್ ಮೆಲೈನಾ ಬಡಾವಣೆಯಲ್ಲಿ. ನಗರದ ಉತ್ತರದ ಅಂಚಿನಲ್ಲಿ, ಫ್ಯಾಸಿಸ್ಟ್ ಆಡಳಿತದ ಕಾಲದಲ್ಲಿ ತಲೆಯೆತ್ತಿದ ಬಹುಮಹಡಿ ವಸತಿಗಳವು. ಸುತ್ತಲೂ ಬಯಲು, ಹೆಂಗಸರು ಬೀದಿಯ ನಲ್ಲಿಯಿಂದ ನೀರು ಹೊತ್ತು ತರುತ್ತಾರೆ. ಅವನಿಗೆ ಸಿಕ್ಕ ಕೆಲಸವಾದರೋ ಊರಿನ ಗೋಡೆಗಳಿಗೆ ಪೋಸ್ಟರ್ ಅಂಟಿಸುವುದು. ಹೆಂಡತಿ ಮರಿಯಾ ಹಾಸಿಗೆಯ ಬಟ್ಟೆಗಳನ್ನೆಲ್ಲ ಗಂಟುಕಟ್ಟಿ ಅಡವಿಟ್ಟು, ಆ ಕೆಲಸಕ್ಕೆ ಬೇಕೇಬೇಕಾದ, ಮೊದಲೇ ಅಡವಿನಲ್ಲಿದ್ದ ಸೈಕಲ್ ಬಿಡಿಸಿಕೊಳ್ಳಲು ಹಣ ಹೊಂದಿಸುತ್ತಾಳೆ.

ಕಳ್ಳತನ ನಡೆಯುವುದು ನಗರದ ನಡುಮಧ್ಯದ ಫ್ರಾನ್ಚೆಸ್ಕೊ ಕ್ರಿಸ್ಪಿ ಬೀದಿಯಲ್ಲಿ. ಆಂಟೋನಿಯೊ ಏಣಿಯೇರಿ ಹಾಲಿವುಡ್ ನಟಿ ರೀಟಾ ಹೇವರ್ತ್ ಚಿತ್ರವಿರುವ ಪೋಸ್ಟರಿನ ಸುಕ್ಕನ್ನು ನೀವುತ್ತಿರುವಾಗಲೇ ಕಳ್ಳ ಸೈಕಲ್ಲೇರಿ ಪರಾರಿಯಾಗುತ್ತಾನೆ. ಬೆನ್ನಟ್ಟಿದವನು ಕ್ವಿರಿನಾಲೆ ಗುಡ್ಡದಡಿಯ ಸುರಂಗದವರೆಗೂ ಹೋಗಿ, ತಾನು ಹಿಂಬಾಲಿಸಿದ್ದು ಬೇರೆ ಯಾರನ್ನೋ ಎಂದು ಅರಿಯುತ್ತಾನೆ.

ಹುಡುಕಾಟ ಪಿಯಾತ್ಸಾ ವಿಟ್ಟೋರಿಯೊ ಮಾರುಕಟ್ಟೆಯಲ್ಲಿ ಮೊದಲಾಗಿ, ಅಲ್ಲಿಂದ ಪೋರ್ತಾ ಪೋರ್ತೆಸೆಯ ಹಳೆಸಾಮಾನಿನ ಸಂತೆಗೆ ಸಾಗುತ್ತದೆ. ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಈ ಸಂತೆಯದೇ. ಧೋ ಎಂದು ಮಳೆ ಸುರಿಯುತ್ತದೆ, ವ್ಯಾಪಾರಿಗಳು ಅವಸರದಲ್ಲಿ ಸರಕು ಕಟ್ಟುತ್ತಾರೆ, ಓಡುವಾಗ ಜಾರಿಬಿದ್ದ ಮಗ ಬ್ರೂನೊ ಗೋಡೆಯ ಬದಿಗೆ ಬಂದು ನಿಲ್ಲುತ್ತಾನೆ, ಅದೇ ಗೋಡೆಗೆ ಆತುಕೊಂಡು ಪಾದ್ರಿ ವಿದ್ಯಾರ್ಥಿಗಳ ಗುಂಪೊಂದು ಜರ್ಮನ್ ಭಾಷೆಯಲ್ಲಿ ಹರಟುತ್ತದೆ. ಈ ಇಬ್ಬರ ಸಂಕಟ ಅಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಡಿ ಸಿಕಾ ನಕ್ಷೆಗೆ ಕಟ್ಟುಬಿದ್ದವರಲ್ಲ. ಸೈಕಲ್ಲಿನ ಸುಳಿವು ಕೇಳಲು ಅವರು ಹೋಗುವ ಕಣಿ ಹೇಳುವವಳ ಮನೆ ತ್ರಾಸ್ತೆವೆರೆಯಲ್ಲಿದ್ದರೆ, ಕಳ್ಳನ ಕೇರಿಯನ್ನು ಚಿತ್ರೀಕರಿಸಿದ್ದು ಟೈಬರ್ ನದಿಯ ಇನ್ನೊಂದು ದಡದ ಪಾನಿಕೊ ಬೀದಿಯಲ್ಲಿ. ತೆರೆಯ ಮೇಲೆ ಮಾತ್ರ ತಂದೆ ಮಗ ಒಂದು ಸಣ್ಣ ಓಟದಲ್ಲಿ ಅಲ್ಲಿಗೆ ತಲುಪಿಬಿಡುತ್ತಾರೆ. ಜಾಗಗಳನ್ನು ಹೀಗೆ ಹೆಣೆದದ್ದು ಮೋಸವೆಂದು ನನಗೆ ಅನ್ನಿಸುವುದಿಲ್ಲ, ಏಕೆಂದರೆ ಕಿರಿದಾದ ಆ ಕೇರಿಯಲ್ಲಿ ನೆರೆಯವರೆಲ್ಲ ಒಟ್ಟಾಗಿ ಸುತ್ತುವರಿದಾಗ ಹೊರಗಿನವನೊಬ್ಬನಿಗೆ ಆಗುವ ಉಸಿರುಗಟ್ಟು ಅಗಲ ರಸ್ತೆಯಲ್ಲಿ ಹುಟ್ಟುತ್ತಿರಲಿಲ್ಲ.

ಕೊನೆಯ ಘಟ್ಟ ನಡೆಯುವುದು ಫ್ಲಾಮಿನಿಯೊ ಪ್ರದೇಶದ ಕ್ರೀಡಾಂಗಣದ ಹೊರಗೆ. ಒಳಗೆ ಫುಟ್‌ಬಾಲ್ ಪಂದ್ಯ, ಹೊರಗೆ ಸಾಲುಸಾಲು ಸೈಕಲ್ಲುಗಳು, ಪಕ್ಕದ ಬೀದಿಯ ಬಾಗಿಲೊಂದರ ಬಳಿ ಒಂಟಿ ಸೈಕಲ್. ಆಂಟೋನಿಯೊನ ಪಾತ್ರಧಾರಿ ಲಂಬೆರ್ತೊ ಮಜ್ಜೊರಾನಿ ನಿಜಜೀವನದಲ್ಲಿ ಕಾರ್ಖಾನೆಯ ಕಾರ್ಮಿಕರು. ಆ ಒಂಟಿ ಸೈಕಲ್ಲಿನತ್ತ ಅವರ ಕಣ್ಣು ಮತ್ತೆ ಮತ್ತೆ ಹೊರಳುವುದನ್ನು ಕಂಡಾಗ ಅದು ನಟನೆಯೆಂಬುದೇ ಮರೆತುಹೋಗುತ್ತದೆ.

ಆ ಕ್ರೀಡಾಂಗಣ ಇಂದು ಇಲ್ಲ; ಅದನ್ನು ಕೆಡವಿ, 1960ರ ಒಲಿಂಪಿಕ್ಸ್‌ಗಾಗಿ ಅದೇ ಜಾಗದಲ್ಲಿ ಫ್ಲಾಮಿನಿಯೊ ಕ್ರೀಡಾಂಗಣವನ್ನು ಕಟ್ಟಲಾಯಿತು. ಪಿಯಾತ್ಸಾ ವಿಟ್ಟೋರಿಯೊದ ಮಾರುಕಟ್ಟೆ ಸಮೀಪದ ಕಟ್ಟಡಕ್ಕೆ ಸ್ಥಳಾಂತರಗೊಂಡಿದೆ. ಪೋರ್ತಾ ಪೋರ್ತೆಸೆಯಲ್ಲಿ ಈಗಲೂ ಭಾನುವಾರದ ಸಂತೆ ನೆರೆಯುತ್ತದೆ. ಆಂಟೋನಿಯೊ ಸೈಕಲ್ ತುಳಿದು ದಾಟುತ್ತಿದ್ದ ಆ ದೂರವನ್ನು ಕಡಿಮೆ ಮಾಡುವ ಮೆಟ್ರೊ ರೈಲು ವಾಲ್ ಮೆಲೈನಾದ ಬಳಿಗೆ ಬಂದದ್ದು 2015ರಲ್ಲಿ. ನಮಸ್ಕಾರ.